ದೇಸೂರಿನಿಂದ ಪೋಲಾದಪುರಕ್ಕೆ: ಲಾವಾ ಮೆಟ್ಟಿಲುಗಳನ್ನು ಇಳಿದ ಎರಡು ದಿನ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವಾಗ ಸಿಗುವ ದೇಸೂರು ಒಂದು ಸಣ್ಣ ಊರು. ಆದರೆ ಭೂವಿಜ್ಞಾನಿಗಳ ಪಾಲಿಗೆ ಅದು ದಖ್ಖನ್ ಟ್ರ್ಯಾಪ್‌ನ, ಅಂದರೆ ಪ್ರಾಚೀನ ಲಾವಾ ಪದರಪದರವಾಗಿ ಹರಿದು ಗಟ್ಟಿಯಾದ ಪ್ರದೇಶದ, ಒಂದು ಶಿಲಾಸ್ತರದ ಹೆಸರೂ ಹೌದು. ಮೇಲಿನಿಂದ ಕೆಳಕ್ಕೆ ಎಣಿಸಿದರೆ ದೇಸೂರು, ಪನ್ಹಾಳ, ಮಹಾಬಳೇಶ್ವರ, ಅಂಬೆನಳಿ, ಪೋಲಾದಪುರ ಎಂಬುದು ಈ ಸ್ತರಗಳ ಕ್ರಮ. ದೇಸೂರಿನಿಂದ ಉತ್ತರಕ್ಕೆ ಹೊರಟವರಿಗೆ ಈ ಹೆಸರಿನ ಸ್ಥಳಗಳೂ ಇದೇ ಕ್ರಮದಲ್ಲಿ ಎದುರಾಗುತ್ತವೆ. ಇದು ಕಾಕತಾಳೀಯವಲ್ಲ. ಲಾವಾ ಪದರಗಳು ದಕ್ಷಿಣದ ಕಡೆಗೆ ಒಂದು ಡಿಗ್ರಿಗೂ ಕಡಿಮೆ ಬಾಗಿರುವುದರಿಂದ, ದಕ್ಷಿಣಕ್ಕೆ ಬಂದಷ್ಟೂ ಹೊಸ ಪದರ, ಉತ್ತರಕ್ಕೆ ಹೋದಷ್ಟೂ ಹಳೆಯ ಪದರ ಕಾಣಸಿಗುತ್ತದೆ. ಹೀಗಾಗಿ ಈ ಪ್ರವಾಸವನ್ನು ಬೆಳಗಾವಿಯಿಂದಲೇ ಆರಂಭಿಸಬೇಕೆಂಬುದು ನನ್ನ ಮೊದಲ ಸಲಹೆ.

ಎರಡನೆಯದು ಕಾಲದ ಬಗ್ಗೆ. ಮೊದಲ ಬಾರಿ ಆಗಸ್ಟ್‌ನಲ್ಲಿ ಹೋಗಿದ್ದ ನಮಗೆ ಮಂಜಿನ ಹೊರತು ಏನೂ ಕಾಣಲಿಲ್ಲ. ಮಹಾಬಳೇಶ್ವರದಲ್ಲೂ ಆಗುಂಬೆಯಂತೆ ಭಾರಿ ಮಳೆ, ಘಾಟಿನಲ್ಲಿ ಗುಡ್ಡ ಕುಸಿಯುವ ಭಯವೂ ಇರುತ್ತದೆ. ಎರಡನೆಯ ಬಾರಿ ಡಿಸೆಂಬರ್‌ನಲ್ಲಿ ಹೋದಾಗ ಹುಲ್ಲು ಒಣಗಿ, ಬಂಡೆಗಳ ಗೆರೆಗಳು ಸ್ಪಷ್ಟವಾಗಿದ್ದವು. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯನ್ನೇ ಆರಿಸಿಕೊಳ್ಳಿ.

ಕೊಲ್ಹಾಪುರ, ಕರಾಡ, ಸಾತಾರಾ ದಾಟಿ ಸುರೂರದಲ್ಲಿ ಹೆದ್ದಾರಿ ಬಿಟ್ಟು ವಾಯಿ ಮಾರ್ಗವಾಗಿ ಮಹಾಬಳೇಶ್ವರ ಸೇರಲು ಸುಮಾರು 300 ಕಿ.ಮೀ. ಆಗುತ್ತದೆ. ಬೆಳಗಿನ ಐದಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು. ವಾಯಿಯಿಂದ ಪಸರಣಿ ಘಾಟ್ ಹತ್ತಿ ಪಂಚಗಣಿಯಲ್ಲಿ ಅರ್ಧ ಗಂಟೆಯಾದರೂ ನಿಲ್ಲಿ. ಅಲ್ಲಿನ ಟೇಬಲ್ ಲ್ಯಾಂಡ್ ಎಂಬ ವಿಶಾಲ ಬಯಲಿನ ಕೆಂಪು ಕಲ್ಲು ನಮ್ಮ ಕರಾವಳಿಯವರು ಮನೆ ಕಟ್ಟುವ ಜಂಬಿಟ್ಟಿಗೆಯೇ. ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕಪ್ಪು ಕಲ್ಲು, ಲಕ್ಷಾಂತರ ವರ್ಷ ಮಳೆಗೆ ಸಿಕ್ಕಿ ಕರಗುವುದೆಲ್ಲ ಕರಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಗಟ್ಟಿಯಾದ ತೊಗಟೆ ಅದು.

ಮಹಾಬಳೇಶ್ವರದ ವೀಕ್ಷಣಾ ತಾಣವಾದ ಆರ್ಥರ್ಸ್ ಸೀಟ್‌ಗೆ ಮಾತ್ರ ಸಂಜೆ ನಾಲ್ಕರ ನಂತರವೇ ಹೋಗಿ. ಅಲ್ಲಿನ ಕಡಿದಾದ ಗೋಡೆಗಳು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಇಳಿಬಿಸಿಲು ನೇರವಾಗಿ ಬಿದ್ದು ಒಂದೊಂದು ಪದರವೂ ಬೇರೆಯಾಗಿ ಎದ್ದು ಕಾಣುತ್ತದೆ. ಪ್ರತಿ ಲಾವಾ ಹರಿವಿನ ಒಳಭಾಗ ಗಟ್ಟಿಯಾಗಿದ್ದು ನೇರ ಗೋಡೆಯಂತೆ ನಿಲ್ಲುತ್ತದೆ. ಅನಿಲದ ಗುಳ್ಳೆಗಳಿಂದ ತೂತುತೂತಾದ ಮೇಲ್ಭಾಗ ಬೇಗ ಸವೆದು, ಗಿಡ ಬೆಳೆದ ಇಳಿಜಾರಾಗುತ್ತದೆ. ಗೋಡೆ, ಇಳಿಜಾರು, ಮತ್ತೆ ಗೋಡೆ. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲು ಎಂಬರ್ಥದ ಪದದಿಂದ ‘ಟ್ರ್ಯಾಪ್’ ಎಂಬ ಹೆಸರು ಬಂದದ್ದೇಕೆ ಎಂಬುದು ಇಲ್ಲಿ ನಿಂತವರಿಗೆ ತಾನಾಗಿಯೇ ತಿಳಿಯುತ್ತದೆ. ಕೋತಿಗಳ ಕಾಟವಿದೆ, ತಿಂಡಿಯನ್ನು ಕಾರಿನಲ್ಲೇ ಬಿಡಿ.

ಮರುದಿನದ ಅಂಬೆನಳಿ ಘಾಟ್ ಈ ಪ್ರವಾಸದ ಜೀವಾಳ. ಮಹಾಬಳೇಶ್ವರದಿಂದ ಪೋಲಾದಪುರಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ರಸ್ತೆ 1,200 ಮೀಟರಿಗೂ ಹೆಚ್ಚು ಇಳಿಯುತ್ತದೆ. ಇಳಿದಷ್ಟೂ ಕಾಲದಲ್ಲಿ ಹಿಂದಕ್ಕೆ ಹೋಗುತ್ತೇವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಯುಗ ಮುಗಿಯುತ್ತಿದ್ದ ಹೊತ್ತಿನಲ್ಲಿ, ನೆಲದ ಉದ್ದನೆಯ ಬಿರುಕುಗಳಿಂದ ಉಕ್ಕಿದ ಲಾವಾ ಇದು. ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ನೆಲವನ್ನು ಈ ಶಿಲೆ ಹೊದ್ದಿದೆ; ನಮ್ಮ ವಿಜಯಪುರ, ಕಲಬುರಗಿಯ ಎರೆಮಣ್ಣೂ ಇದೇ ಕಲ್ಲು ಸವೆದು ಆದದ್ದು. ಘಾಟಿನಲ್ಲಿ ಕಣ್ಣಿಟ್ಟು ಹುಡುಕಬೇಕಾದದ್ದು ಎರಡು ಕಪ್ಪು ಹರಿವುಗಳ ನಡುವಿನ ಇಟ್ಟಿಗೆಗೆಂಪು ಪಟ್ಟಿಯನ್ನು. ಒಂದು ಹರಿವು ತಣಿದು, ಅದರ ಮೇಲ್ಮೈ ಗಾಳಿಮಳೆಗೆ ಸವೆದು ಮಣ್ಣಾಗುವಷ್ಟು ಕಾಲ ಸ್ಫೋಟ ನಿಂತಿತ್ತು ಎಂಬುದಕ್ಕೆ ಇಂಥ ಪಟ್ಟಿಯೇ ಸಾಕ್ಷಿ. ಅಂಥ ಪಟ್ಟಿಯೊಂದರ ಮೇಲೆ ಬೆರಳಿಟ್ಟಾಗ ನನಗಾದ ರೋಮಾಂಚನ ಇನ್ನೂ ಮಾಸಿಲ್ಲ.

ಅಂಬೆನಳಿ ಎಲ್ಲಿ ಮುಗಿದು ಪೋಲಾದಪುರ ಸ್ತರ ಎಲ್ಲಿ ಆರಂಭವಾಯಿತು ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ, ಅದಕ್ಕಾಗಿ ನಿರಾಶರಾಗಬೇಡಿ. ಪೋಲಾದಪುರದ ಲಾವಾದಲ್ಲಿ ಭೂಮಿಯ ಹೊರಚಿಪ್ಪಿನ ಶಿಲೆ ಕರಗಿ ಬೆರೆತಿದೆ, ಅಂಬೆನಳಿಯದರಲ್ಲಿ ಆ ಬೆರಕೆ ತೀರ ಕಡಿಮೆ. ಪ್ರಯೋಗಾಲಯದ ರಾಸಾಯನಿಕ ಪರೀಕ್ಷೆಯಿಂದಲೇ ಈ ಭೇದ ಗೊತ್ತಾಗುತ್ತದೆ.

ತಿರುವುಗಳಲ್ಲಿ ವಾಹನ ನಿಲ್ಲಿಸುವುದು ಅಪಾಯಕಾರಿ. ಪ್ರತಾಪಗಡಕ್ಕೆ ರಸ್ತೆ ಕವಲೊಡೆಯುವ ಕಡೆ ಅಥವಾ ರಸ್ತೆ ಅಗಲವಾಗಿರುವ ಜಾಗದಲ್ಲಿ ನಿಲ್ಲಿಸಿ, ಉಳಿದವರು ಕಲ್ಲು ನೋಡುವಾಗ ಒಬ್ಬರು ವಾಹನಗಳ ಕಡೆ ಗಮನವಿಡಲಿ. ಸಡಿಲ ಬಂಡೆಯ ಕೆಳಗೆ ನಿಲ್ಲಬೇಡಿ, ಸುತ್ತಿಗೆ ಒಯ್ಯಬೇಡಿ. ಹತ್ತುಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯೊಂದಿದ್ದರೆ ಗುಳ್ಳೆಗಳಲ್ಲಿ ತುಂಬಿದ ಬಿಳಿ ಖನಿಜಗಳನ್ನು ನೋಡಲು ಸಾಕು.

ಬಂದ ದಾರಿಯಲ್ಲೇ ಮರಳುವ ಅಗತ್ಯವಿಲ್ಲ. ಪೋಲಾದಪುರದಿಂದ ಮುಂಬೈ–ಗೋವಾ ಹೆದ್ದಾರಿ ಹಿಡಿದು ಚಿಪಳೂಣ, ಸಾವಂತವಾಡಿ, ಆಂಬೋಲಿ ಘಾಟ್ ಮೂಲಕ ಬೆಳಗಾವಿಗೆ ಬಂದರೆ, ಇಳಿದ ಮೆಟ್ಟಿಲುಗಳನ್ನು ಪಶ್ಚಿಮದ ಕಡೆಯಿಂದ ಮತ್ತೆ ಹತ್ತಿ ಬರಬಹುದು. ಆ ದಾರಿ ದೀರ್ಘವಾದದ್ದು, ಒಂದು ಪೂರ್ತಿ ದಿನವನ್ನು ಅದಕ್ಕೇ ಮೀಸಲಿಡಿ.