68ರ ಸ್ಪೀಡಿಗೆ 1,500 ರೂಪಾಯಿ

ಮೆಸೇಜ್ ಬಂದಾಗ ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಅಂಗಡಿಯಲ್ಲಿ ಯಾರದೋ ರೇಷನ್ ಕಾರ್ಡಿನ ಝೆರಾಕ್ಸ್ ತೆಗೆಯುತ್ತಿದ್ದೆ. ಗಾಡಿ ನಂಬರ್, ಚಲನ್ ನಂಬರ್, 1,500 ರೂಪಾಯಿ. ಮೊದಲು ಮೋಸದ ಮೆಸೇಜ್ ಅಂದುಕೊಂಡೆ. ಚಲನ್ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಫೈಲ್ ಕಳಿಸಿ, ಒತ್ತಿದವರ ಖಾತೆ ಗುಡಿಸಿ ಹಾಕುವವರು ಇದ್ದಾರಲ್ಲ. ಅದಕ್ಕೆ ಲಿಂಕ್ ಮುಟ್ಟಲಿಲ್ಲ. ಸರ್ಕಾರದ ಪರಿವಾಹನ್ ಸೈಟಿಗೆ ನಾನೇ ಹೋಗಿ ನಂಬರ್ ಹಾಕಿ ನೋಡಿದೆ.

ಮೋಸ ಅಲ್ಲ. ನನ್ನದೇ ಆಲ್ಟೊ. ಮುಂದಿನ ಬಂಪರಿಗೆ ನಾನು ಬಿಗಿದ ಕೇಬಲ್ ಟೈ ಕೂಡ ಕಾಣುತ್ತಿತ್ತು. 50ರ ಜಾಗದಲ್ಲಿ 68.

ಸಂಜೆ ಮನೆಯಲ್ಲಿ ಹೇಳಿದೆ. "ಮೆಲ್ಲ ಹೋಗಿ ಅಂತ ಎರಡು ಸಲ ಹೇಳಿದ್ದೆ" ಅಂದಳು ಹೆಂಡತಿ. ಎರಡು ಸಲ ಅಲ್ಲ, ಒಂದೇ ಸಲ. ಆದರೆ ಆ ಹೊತ್ತಿನಲ್ಲಿ ಅದನ್ನು ತಿದ್ದಲು ಹೋಗಲಿಲ್ಲ.

ಪೇಟೆಯಲ್ಲಿ ಎಲ್ಲರೂ "ಎಐ ಕ್ಯಾಮೆರಾ ಹಿಡಿದದ್ದು" ಅಂದರು. 2023ರ ಜೂನ್ 5ರಿಂದ ದಂಡ ಹಾಕಲು ಶುರು ಮಾಡಿದ ಆ 726 ಕ್ಯಾಮೆರಾಗಳಲ್ಲಿ 675 ನೋಡುವುದು ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ಇಂಥದ್ದನ್ನು. ಸ್ಪೀಡಿಗೆ ಅಂತ ಇಟ್ಟದ್ದು ಇಡೀ ಕೇರಳಕ್ಕೆ ಎಂಟೇ. ನಾಲ್ಕು ರಸ್ತೆ ಬದಿಯಲ್ಲಿ, ನಾಲ್ಕು ಗಾಡಿಗಳಲ್ಲಿ. ಅದಲ್ಲದೆ ಮೋಟಾರು ವಾಹನ ಇಲಾಖೆಯ ಸ್ಪೀಡ್ ಅಳೆಯುವ ಇಂಟರ್‌ಸೆಪ್ಟರ್ ಗಾಡಿಗಳು ಬೇರೆ ಇವೆ. ಆ ದಿನ ಮರದ ನೆರಳಿನಲ್ಲಿ ಒಂದು ಬಿಳಿ ಗಾಡಿ ನಿಂತದ್ದು ನನಗೆ ನೆನಪಿದೆ. ಪಾಪ, ಊಟಕ್ಕೆ ನಿಲ್ಲಿಸಿದ್ದಾರೆ ಅಂದುಕೊಂಡಿದ್ದೆ.

ಸುಮ್ನೆ ಕಟ್ಟಿಬಿಟ್ಟರೆ ಮುಗಿಯುತ್ತಿತ್ತು. ಆದರೆ ನನ್ನದೊಂದು ಕೆಟ್ಟ ಅಭ್ಯಾಸ. ಊರವರಿಗೆಲ್ಲ ಅರ್ಜಿ ಬರೆದುಕೊಡುವವನು ನಾನು. ಕುಡಿಯುವ ನೀರು, ಪಿಂಚಣಿ, ಗಡಿ ಗುರುತಿನ ತಕರಾರು, ಏನಿದ್ದರೂ ನನ್ನ ಅಂಗಡಿಗೆ ಬರುತ್ತಾರೆ. ನನ್ನದೇ ಒಂದು ಕೇಸ್ ಸಿಕ್ಕಿದಾಗ ಬಿಡಲು ಮನಸ್ಸು ಬರಲಿಲ್ಲ. ಅದೂ ಕನ್ನಡದಲ್ಲೇ ಬರೆಯಬೇಕು ಅಂತ ಇತ್ತು. ಇಲ್ಲಿಯ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಅಂತ 1969ರ ಕೇರಳದ ಭಾಷಾ ಕಾಯ್ದೆಯಲ್ಲೇ ಇದೆ. ನನ್ನ ತಲೆಯಲ್ಲಿ ಅರ್ಜಿಯ ಮೊದಲ ಪ್ಯಾರಾ ಆಗಲೇ ರೆಡಿ.

ಎರಡನೇ ಪ್ಯಾರಾಕ್ಕೆ ಕಾರಣ ಬೇಕಲ್ಲ. ಅದನ್ನು ಹುಡುಕಿದೆ.

ನಂಬರ್ ತಪ್ಪು ಅನ್ನುವ ಹಾಗಿಲ್ಲ. ಪಕ್ಕದ ಅಂಗಡಿಯವರಿಗೆ ಒಮ್ಮೆ ಹಾಗಾಗಿತ್ತು. ಅವರ ಸ್ಕೂಟರ್ ಅಂಗಳದಲ್ಲೇ ಇತ್ತು, ದಂಡ ಬಂದದ್ದು ದೂರದ ಯಾವುದೋ ಊರಿನಿಂದ. ಫೋಟೋದಲ್ಲಿದ್ದದ್ದು ಬೇರೆ ಬಣ್ಣದ ಬೈಕ್. ಅವರು ಚಲನ್ ಸೈಟಿನಲ್ಲೇ ದೂರು ಹಾಕಿದರು, ಅದು ರದ್ದಾಯಿತು. ನನ್ನ ಫೋಟೋದಲ್ಲಿ ಕೇಬಲ್ ಟೈ ಇದೆ.

ಭಾವ ಓಡಿಸಿದ್ದು ಅಂತ ಹೇಳಬಹುದಿತ್ತು. ಆಗ ದಂಡ ಭಾವನಿಗೆ ಹೋಗುತ್ತದೆ. ಅದನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ನಿಯಮ ಓದಲು ಕೂತೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ 167ಎ ಅಂತ ಒಂದನ್ನು ಸೇರಿಸಿದ್ದಾರೆ. ಆಗ ಇದ್ದ ಪ್ರಕಾರ ನೋಟಿಸು 15 ದಿನದೊಳಗೆ ಬರಬೇಕಿತ್ತು. ನನಗೆ ನಾಲ್ಕೇ ದಿನದಲ್ಲಿ ಬಂದಿತ್ತು. ಉಪಕರಣಕ್ಕೆ ಒಪ್ಪಿಗೆಯ ಸರ್ಟಿಫಿಕೇಟ್ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಫೋಟೋ, ಅಳತೆ, ದಿನ, ಹೊತ್ತು, ಜಾಗ ಎಲ್ಲ ಚಲನಿನಲ್ಲಿ ಇರಬೇಕು. ಮತ್ತೆ, ಕಣ್ಗಾವಲು ಇರುವ ರಸ್ತೆಯಲ್ಲಿ ಎಚ್ಚರಿಕೆಯ ಬೋರ್ಡ್ ಹಾಕಿರಬೇಕು.

ಬೋರ್ಡ್! ನಾನು ಯಾವ ಬೋರ್ಡನ್ನೂ ನೋಡಿಲ್ಲ. ದೇವರಾಣೆ ನೋಡಿಲ್ಲ.

ವಿದ್ಯಾನಗರದ ಕೋರ್ಟಿನಲ್ಲಿ ವಕೀಲಿ ಮಾಡುವ ಶಾಲಾ ಗೆಳೆಯನಿಗೆ ಫೋನ್ ಮಾಡಿದೆ. ನಿಯಮ ಎಲ್ಲ ಓದಿ ಹೇಳಿದೆ. ಅವನು ಪೂರ್ತಿ ಕೇಳಿ, "ನೀನು 68ರಲ್ಲಿ ಹೋದದ್ದು ಹೌದಾ ಅಲ್ವಾ?" ಅಂದ.

"ಹೋಗಿರಬಹುದು."

"ಇರಬಹುದು ಅಂತ ಕೋರ್ಟಿನಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ ಮಾರಾಯ."

ನಿಜ ಹೇಳಬೇಕೆಂದರೆ ಹೋಗಿದ್ದೆ. ಮಂಗಳೂರಿನಿಂದ ಬರುವಾಗ ತಲಪಾಡಿ ದಾಟಿದ ಮೇಲೆ ಹೊಸ ಆರು ಲೇನಿನ ರಸ್ತೆ. ಅಂಥ ಹೆದ್ದಾರಿಯಲ್ಲಿ ಕಾರಿಗೆ 110 ಅಂತ 2023ರ ಜುಲೈಯಲ್ಲಿ ಆದೇಶ ಜಾರಿಗೆ ಬಂದಾಗ ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ ಅಂಕೆ. ಕುಂಬಳೆಯಲ್ಲಿ ಒಳಗೆ ತಿರುಗಿದ ಮೇಲೂ ಕಾಲು ಹೆದ್ದಾರಿಯಲ್ಲೇ ಇರುತ್ತದೆ. ರಸ್ತೆ ಸಣ್ಣದಾದದ್ದು ಕಣ್ಣಿಗೆ ಗೊತ್ತಾಗುತ್ತದೆ, ಕಾಲಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕು.

ಗೆಳೆಯ ಆಗ ಇದ್ದ ದಾರಿಯನ್ನೂ ಹೇಳಿದ. ಕಟ್ಟದೆ ಬಿಟ್ಟರೆ ಚಲನ್ ಆನ್‌ಲೈನಿನ ವರ್ಚುವಲ್ ಕೋರ್ಟಿಗೆ ಹೋಗುತ್ತದೆ. ಅಲ್ಲಿ ದಂಡ ಕಟ್ಟಬಹುದು, ಇಲ್ಲದಿದ್ದರೆ ವಾದಿಸುತ್ತೇನೆ ಅಂತ ಒತ್ತಬಹುದು. ಒತ್ತಿದರೆ ಕೇಸ್ ಮಾಮೂಲಿ ಕೋರ್ಟಿಗೆ ಬರುತ್ತದೆ. ಆಮೇಲೆ ನಾನು ಅಂಗಡಿ ಮುಚ್ಚಿ ಬಸ್ಸಿನಲ್ಲಿ ವಿದ್ಯಾನಗರಕ್ಕೆ ಹೋಗಬೇಕು. ಒಂದೇ ಸಲಕ್ಕೆ ಮುಗಿಯುತ್ತದೆ ಅನ್ನುವ ಭರವಸೆ ಇಲ್ಲ. "ಬೋರ್ಡ್ ಇಲ್ಲದ್ದು ಖಂಡಿತವಾದರೆ ಫೋಟೋ ತೆಗೆದಿಡು, ನೋಡುವ" ಅಂದ. ಫೀಸಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ಬಿಳಿ ಗಾಡಿ ನಿಂತಿದ್ದ ಮರ ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ನಿಧಾನವಾಗಿ ನೋಡುತ್ತಾ ಬಂದೆ. ತಿರುವಿನ ಈಚೆ ಒಂದು ಕಬ್ಬಿಣದ ಕಂಬ. ಅದಕ್ಕೂ ಕರೆಂಟ್ ಕಂಬಕ್ಕೂ ಸೇರಿಸಿ ಕಟ್ಟಿದ ದೊಡ್ಡ ಫ್ಲೆಕ್ಸ್. ಹಿಂದೆ ಹೋಗಿ ಬಗ್ಗಿ ನೋಡಿದೆ. ಕೆಂಪು ವೃತ್ತದೊಳಗೆ 50, ಅದರ ಕೆಳಗೆ ಕ್ಯಾಮೆರಾದ ಚಿತ್ರ. ಪೂರ್ತಿ ಮುಚ್ಚಿಹೋಗಿದೆ!

ಖುಷಿ ಆಯಿತು. ಮೊಬೈಲ್ ತೆಗೆದು ಆ ಕಡೆಯಿಂದ ಎರಡು, ಈ ಕಡೆಯಿಂದ ಎರಡು ಫೋಟೋ ತೆಗೆದೆ. ಐದನೆಯದಕ್ಕೆ ಹತ್ತಿರ ಹೋದಾಗ ಫ್ಲೆಕ್ಸಿನಲ್ಲಿ ಏನಿದೆ ಅಂತ ಓದಿದೆ. ನಮ್ಮ ದೇವಸ್ಥಾನದ ಬ್ರಹ್ಮಕಲಶೋತ್ಸವ. ಹಸಿರುವಾಣಿ ಹೊರೆಕಾಣಿಕೆಯ ದಿನ, ಹೊತ್ತು. ಸರ್ವರಿಗೂ ಆದರದ ಸ್ವಾಗತ. ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಅಂಗಡಿಯ ಹೆಸರು, ಫೋನ್ ನಂಬರ್.

ನಾನು ಪ್ರಚಾರ ಸಮಿತಿಯಲ್ಲಿದ್ದೇನೆ. ಡಿಸೈನ್ ನನ್ನದೇ. ಕಟ್ಟಲು ಹೋದ ಹುಡುಗರು "ಎಲ್ಲಿ ಕಟ್ಟುವುದು ಅಣ್ಣಾ?" ಅಂತ ಫೋನ್ ಮಾಡಿದಾಗ, "ತಿರುವಿನ ಹತ್ತಿರ ಒಂದು ಕಂಬ ಇದೆ ನೋಡಿ, ಅಲ್ಲಿ ಎಲ್ಲರಿಗೂ ಕಾಣುತ್ತದೆ" ಅಂದದ್ದೂ ನಾನೇ. ಆ ಕಂಬದಲ್ಲಿ ಏನಿದೆ ಅಂತ ಆಗ ಯೋಚಿಸಿರಲಿಲ್ಲ.

ಸ್ಕೂಟರಿನ ಮೇಲೆ ಕೂತು ಲೆಕ್ಕ ಹಾಕಿದೆ. ಈ ಫೋಟೋ ಕೋರ್ಟಿಗೆ ಕೊಟ್ಟರೆ ನನ್ನ 1,500 ಉಳಿದೀತು. ಆದರೆ ರಸ್ತೆ ಬದಿಯಲ್ಲಿ ಅನುಮತಿ ಇಲ್ಲದ ಬೋರ್ಡಿಗೆ ಒಂದೊಂದಕ್ಕೆ 5,000 ದಂಡ ಹಾಕಿ ಅಂತ ಹೈಕೋರ್ಟ್ ಹೇಳಿದೆ. ಯಾರು ಮಾಡಿಸಿದ್ದು ಅಂತ ಹುಡುಕುವ ಕಷ್ಟವೂ ಇಲ್ಲ, ಫೋನ್ ನಂಬರ್ ಅಲ್ಲೇ ಇದೆ. ಅಂಥ ಫ್ಲೆಕ್ಸ್ ಒಟ್ಟು ಹನ್ನೊಂದು ಕಟ್ಟಿಸಿದ್ದೇವೆ.

ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ 1,500 ಕಟ್ಟಿದೆ. ರಶೀದಿಯ ಪ್ರಿಂಟ್ ತೆಗೆದು ಕಾರಿನ ಡ್ಯಾಶಿನೊಳಗೆ ಇಟ್ಟೆ. ಗೆಳೆಯನಿಗೆ "ಬೋರ್ಡ್ ಇತ್ತು" ಅಂತ ಮೆಸೇಜ್ ಹಾಕಿದೆ. ಅದು ಸುಳ್ಳಲ್ಲ.

ರಾತ್ರಿ ಒಂಬತ್ತಕ್ಕೆ ಅಡಿಕೆ ಸುಲಿಯುವ ಕತ್ತಿ ಹಿಡಿದು ಪುನಃ ಹೋದೆ. ಹುಡುಗರು ನೈಲಾನ್ ಹಗ್ಗಕ್ಕೆ ಹಾಕಿದ ಗಂಟು ಬಿಚ್ಚುವ ಹಾಗೇ ಇರಲಿಲ್ಲ, ಕೊಯ್ದೆ. ಫ್ಲೆಕ್ಸ್ ಸುತ್ತಿ ಸ್ಕೂಟರಿನ ಕಾಲ ಹತ್ತಿರ ಇಟ್ಟೆ. ಹೆಡ್‌ಲೈಟಿನ ಬೆಳಕಿಗೆ ಆ 50 ಹೊಸದರ ಹಾಗೆ ಹೊಳೆಯಿತು.

ಮರುದಿನ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು, "ತಿರುವಿನ ಫ್ಲೆಕ್ಸ್ ಕಾಣುವುದಿಲ್ಲವಲ್ಲ, ಏನಾಯಿತು?" ಅಂತ ಕೇಳಿದರು.

"ಗಾಳಿಗೆ ಹೋಗಿರಬೇಕು" ಅಂದೆ.