ಹುಂಜ ಇಲ್ಲದೆ ಎಚ್ಚರಾಗುವ ತತ್ತಿ

ಕೋಳಿಯನ್ನು ಕಾವಿಗೆ ಕೂಡಿಸಿ ಏಳೆಂಟು ದಿನಕ್ಕೆ ಅವ್ವ ಒಂದೊಂದೇ ತತ್ತಿ ಎತ್ತಿ ಬ್ಯಾಟರಿ ಬೆಳಕಿಗೆ ಹಿಡಿಯುತ್ತಾಳೆ. ಒಳಗೆ ಕೆಂಪು ಎಳೆ ಕಂಡರೆ ವಾಪಸ್ ಇಡುತ್ತಾಳೆ, ಕಾಣದಿದ್ದರೆ ಬದಿಗೆ. ಹೋದ ವಾರ ಆಳಂದ ಹತ್ತಿರದ ನಮ್ಮೂರಿಗೆ ಹೋದಾಗ ಅವಳ ಪಕ್ಕ ಕೂತು ಹೇಳಿದೆ: ನಾನು ಸಾಕುವ ಹಣ್ಣಿನ ನೊಣದ ತತ್ತಿ ಎಚ್ಚರಾಗಲು ಗಂಡೇ ಬೇಕಾಗಿಲ್ಲ. ಅವ್ವ ಬ್ಯಾಟರಿ ಆರಿಸಿ ನನ್ನ ಮುಖ ನೋಡಿದಳು. "ಹುಂಜ ಇಲ್ದೇ ತತ್ತಿಗಿ ಜೀವ ಹ್ಯಾಂಗ ಬರ್ತದ ಯವ್ವಾ?"

ಬಸ್ಸಿನ ಹೊತ್ತಾಗಿತ್ತು, ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ರವೆ, ಬೆಲ್ಲ, ಅಗರ್ ಕುದಿಸಿ ಬಾಟಲಿಗೆ ಹಾಕಿ ನೊಣ ಸಾಕುತ್ತೇವೆ. ಅವಕ್ಕೆ 25 ಡಿಗ್ರಿ ಹಿತ. ನಮ್ಮ ಬೇಸಿಗೆ 42 ದಾಟುತ್ತದೆ. 30 ಮುಟ್ಟಿದರೇ ಗಂಡು ನೊಣ ಬಂಜೆಯಾಗುತ್ತದೆ. ಒಂದು ಮೇ ತಿಂಗಳಲ್ಲಿ ಎರಡು ದಿನ ಕರೆಂಟ್ ಇಲ್ಲದೆ ಎಲ್ಲ ಬಾಟಲಿ ಕಳೆದುಕೊಂಡೆ. ಅತ್ತಿದ್ದೆ, ನಿಜವಾಗಿ.

ಮಕ್ಕಳಿಗೆ ನಾನು ತಪ್ಪದೆ ಮಾಡಿ ತೋರಿಸುವುದೊಂದಿದೆ. ಗಂಡಿನ ಜೊತೆ ಸೇರದ ಹೆಣ್ಣು ನೊಣದ ಹೊಟ್ಟೆಯಿಂದ ಬಲಿತ ತತ್ತಿಗಳನ್ನು ಸೂಜಿಯಲ್ಲಿ ಬಿಡಿಸಿ ಒಂದು ಬಟ್ಟಲಿಗೆ ಹಾಕುತ್ತೇನೆ. ಅಂಥದೇ ನೊಣ ತಾನೇ ಇಟ್ಟ ತತ್ತಿಗಳು ಇನ್ನೊಂದು ಬಟ್ಟಲಿಗೆ. ಒಂದೊಂದು ಅರ್ಧ ಮಿಲಿಮೀಟರ್ ಉದ್ದ, ತಲೆಯ ಕಡೆ ಎರಡು ಪುಟ್ಟ ಕೊಂಬು. ಬ್ಲೀಚಿಗೆ ಅಷ್ಟೇ ನೀರು ಬೆರೆಸಿ ಎರಡಕ್ಕೂ ಸುರಿಯುತ್ತೇನೆ. ಎರಡರಲ್ಲೂ ಮೊದಲು ಹೊರಸಿಪ್ಪೆ ಕರಗುತ್ತದೆ, ಕೊಂಬು ಹೋಗುತ್ತವೆ. ಆಮೇಲೆ ಮೊದಲ ಬಟ್ಟಲಲ್ಲಿ ತತ್ತಿಗಳು ಒಡೆದು ನೀರಲ್ಲಿ ನೀರಾಗುತ್ತವೆ. ಎರಡನೆಯದರಲ್ಲಿ ಬೆಳ್ಳಗೆ ಹೊಳೆಯುತ್ತಾ ಹಾಗೇ ಉಳಿಯುತ್ತವೆ. ಒಳಪೊರೆ ಗಟ್ಟಿಯಾಗಿದೆ, ಎಚ್ಚರಾದ ತತ್ತಿಯ ಗುರುತು ಅದೇ. ಗಂಡಿನ ಸುಳಿವಿಲ್ಲ, ಆದರೂ ತತ್ತಿ ಎಚ್ಚರಾಗಿದೆ!

ಎಬ್ಬಿಸಿದ್ದು ದಾರಿ. ಅಂಡಾಶಯದಿಂದ ಇಕ್ಕಟ್ಟಾದ ನಾಳದೊಳಗೆ ಇಳಿಯುವಾಗ ತತ್ತಿ ನೀರು ಹೀರಿ ಉಬ್ಬುತ್ತದೆ, ಒತ್ತಡ ಬೀಳುತ್ತದೆ. ಆಗ ಪೊರೆಯಲ್ಲಿರುವ ಬಾಗಿಲು ತೆರೆದು ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ತತ್ತಿಯ ಉದ್ದಕ್ಕೂ ಅಲೆಯಂತೆ ಹರಿಯುತ್ತದೆ.

ನನಗೆ ಜಾಸ್ತಿ ಇಷ್ಟ ಇದರ ಮುಂದಿನ ಭಾಗ. ಈ ಹೊತ್ತಿಗೆ ತತ್ತಿಯ ಸ್ವಂತ ಜೀನ್‌ಗಳು ಹೆಚ್ಚೂಕಡಿಮೆ ಮೌನ. ಇರುವುದೆಲ್ಲ ತಾಯಿ ತುಂಬಿಟ್ಟದ್ದು: ತಯಾರಾದ ಪ್ರೋಟೀನ್‌ಗಳು, ಮತ್ತೆ ಪ್ರೋಟೀನ್ ಮಾಡುವ ಬಗೆ ಬರೆದಿಟ್ಟ, ಇನ್ನೂ ಓದದ ಎಂಆರ್‌ಎನ್‌ಎ ಚೀಟಿಗಳು. ಹಾಗಾಗಿ ಇದ್ದ ಪ್ರೋಟೀನ್‌ಗಳಿಗೇ ಫಾಸ್ಫೇಟ್ ಎಂಬ ಪುಟ್ಟ ತುಣುಕು ಹಚ್ಚಿ, ಕಿತ್ತು ಕೆಲಸ ಶುರುವಾಗುತ್ತದೆ. ಗ್ನು ಎಂಬ ಪ್ರೋಟೀನ್ ಮೈಮೇಲೆ ಫಾಸ್ಫೇಟ್ ಹೊತ್ತು ಸುಮ್ನೆ ಕೂತಿರುತ್ತದೆ. ಫಾಸ್ಫೇಟ್ ಕಳಚಿದ್ದೇ ತಡ, ಗ್ನು ಹೋಗಿ ಪಾನ್ ಗು ಎಂಬ ಕಿಣ್ವಕ್ಕೆ ಅಂಟಿ ಅದನ್ನು ಚಾಲೂ ಮಾಡುತ್ತದೆ. ಪಾನ್ ಗು ನೂರಾರು ಚೀಟಿಗಳನ್ನು ಓದಿಸುತ್ತದೆ. ಆಮೇಲೆ ತನ್ನನ್ನು ಎಬ್ಬಿಸಿದ ಗ್ನುವನ್ನೇ ನಾಶಕ್ಕೆ ಗುರುತು ಮಾಡುತ್ತದೆ. ಅಲ್ಲಿಗೆ ಪಾನ್ ಗುವಿನ ಆಟವೂ ಮುಗಿಯಿತು. ಪಾನ್ ಗು ಚೀನಾದ ಪುರಾಣದಲ್ಲಿ ತತ್ತಿಯಿಂದ ಹುಟ್ಟಿ ಲೋಕ ಮಾಡಿದವನ ಹೆಸರು. ನಮ್ಮ ಬ್ರಹ್ಮಾಂಡವೂ ಅಂಡವೇ ಅಲ್ವಾ!

ಓದುವುದಷ್ಟೇ ಸಾಲದು, ತೆಗೆಯುವುದೂ ಬೇಕು. ಪಠ್ಯಪುಸ್ತಕಗಳು ಇದಕ್ಕೆ ಒಂದು ಸಾಲೂ ಕೊಡುವುದಿಲ್ಲ, ನನಗೆ ಬೇಜಾರು. ಎಂಇ31ಬಿ ಎಂಬ ಪ್ರೋಟೀನ್ ತಾಯಿಯ ಚೀಟಿಗಳನ್ನು ಅದುಮಿಟ್ಟುಕೊಂಡು ಕಾಯುವಂಥದ್ದು. ತತ್ತಿ ಇಟ್ಟ ಒಂದೆರಡು ತಾಸಿನಲ್ಲಿ ಅದನ್ನು ಮುರಿದು ಹಾಕಲಾಗುತ್ತದೆ. ಆ ಕೆಲಸಕ್ಕೆ ಬೇಕಾದ ಒಂದು ಕಿಣ್ವಕ್ಕೆ ವಿಜ್ಞಾನಿಗಳು ಮೇರಿ ಕೊಂಡೊ ಎಂದು ಹೆಸರಿಟ್ಟಿದ್ದಾರೆ. ಬೇಡದ್ದು ತೆಗೆದು ಮನೆ ಚೊಕ್ಕ ಮಾಡುವುದನ್ನು ಕಲಿಸಿ ಹೆಸರಾದ ಜಪಾನಿನ ಹೆಣ್ಣುಮಗಳು ಅವರು. ಈ ಕಿಣ್ವ ತಯಾರಾಗಲೂ ಪಾನ್ ಗು ಎದ್ದಿರಬೇಕು. ಗಂಡಿನ ಜೊತೆ ಸೇರಿದ ನೊಣದ ತತ್ತಿಯಾದರೆ ಇಷ್ಟರಲ್ಲೇ ಕೋಶಕೇಂದ್ರ 13 ಸಲ ಒಡೆದು ಸುಮಾರು 6,000 ಆಗಿರುತ್ತದೆ, ನಡುವೆ ಒಂದು ಗೋಡೆಯೂ ಇಲ್ಲದೆ. ಆಮೇಲೆ ಮಗು ತನ್ನ ಜೀನ್‌ಗಳನ್ನು ತಾನೇ ಓದುತ್ತದೆ. 25 ಡಿಗ್ರಿಯಲ್ಲಿ ಒಂದೇ ದಿನಕ್ಕೆ ಮರಿಹುಳ ಹೊರಗೆ.

ರಾತ್ರಿ ಅವ್ವನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಗಂಡು ಸೇರದ ತತ್ತಿ ಏಳುತ್ತದೆ, ಚೀಟಿ ಓದುತ್ತದೆ, ಆದರೆ ಕೇಂದ್ರ ಒಡೆಯುವ ಕೆಲಸಕ್ಕೆ ಬೇಕಾದದ್ದನ್ನು ತರಲು ವೀರ್ಯಾಣುವೇ ಬರಬೇಕು, ಅಲ್ಲಿಗೇ ನಿಲ್ಲುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಂದ್ರ ಎದ್ದದ್ದು ಖರೇ. ಮರಿ ಆಗಲಿಲ್ಲ, ಅಷ್ಟೇ."

"ಹೂಂ ಅವ್ವಾ."

"ಆ ಬಟ್ಟಲಾ ಊರಿಗಿ ತಗೊಂಬಾ. ನಾನೂ ನೋಡ್ತೀನಿ."

ಶನಿವಾರ ಹೋಗುತ್ತಿದ್ದೇನೆ. ಎರಡು ಬಟ್ಟಲು, ಭೂತಗನ್ನಡಿ, ಬ್ಲೀಚ್ ಬಾಟಲಿ ಚೀಲದಲ್ಲಿ ಇಟ್ಟಾಗಿದೆ. ನೊಣಗಳನ್ನು ಒದ್ದೆ ಬಟ್ಟೆ ಸುತ್ತಿ ಒಯ್ಯಬೇಕು.