ಪಲ್ಲವಿ ಬಿಡದ ಹುಡುಗ

ಇವತ್ತು ಮಗಳಿಗೆ ಕತೆ ಓದ್ತಿದ್ದೆ. ಹಳೇ ಕಾಲದ ಕ್ರೈಸ್ತ ಮಠ, ಗುಟ್ಟಿನ ಬಾಗಿಲು, ದೀಪ ಹಿಡಿದು ಓಡೋ ಪುಟ್ಟ ಹುಡುಗ.

"ಅಪ್ಪಾ, ಮಠದಲ್ಲಿ ನಿಜವಾಗ್ಲೂ ಮಕ್ಕಳು ಇರ್ತಿದ್ರಾ?"

ಇರ್ತಿದ್ರು ಪುಟ್ಟೀ. ಏಳು ವರ್ಷಕ್ಕೇ ಮನೆಯವರು ತಂದು ಒಪ್ಪಿಸ್ತಿದ್ದದ್ದೂ ಉಂಟು.

ಪುಸ್ತಕ ಬದಿಗಿಟ್ಟು ಜಾರೋ ಮಠದ ಕತೆ ಹೇಳಿದೆ. ಇಂಗ್ಲೆಂಡಿನ ಉತ್ತರ ಭಾಗ, 686ರ ಸುಮಾರು. ಪಿಡುಗು ಬಂತು. ಪ್ರಾರ್ಥನೆ ಹಾಡಬಲ್ಲ ಸನ್ಯಾಸಿಗಳೆಲ್ಲ ತೀರಿಹೋದರು. ಉಳಿದದ್ದು ಮಠಾಧಿಪತಿ ಚೆಯೊಲ್ಫ್ರಿತ್, ಜೊತೆಗೊಬ್ಬ ಚಿಕ್ಕ ಹುಡುಗ.

ಹಗಲು ರಾತ್ರಿ ಹೊತ್ತುಹೊತ್ತಿಗೆ ಹಾಡಬೇಕು. ಇಬ್ಬರೇ. ಕೀರ್ತನೆಗಳ ಜೊತೆ ಬರೋ ಪಲ್ಲವಿಗಳನ್ನ ಬಿಟ್ಟುಬಿಡೋಣ, ಮುಂಜಾನೆ ಸಂಜೆ ಮಾತ್ರ ಪೂರ್ತಿ ಹಾಡೋಣ ಅಂದರು ಚೆಯೊಲ್ಫ್ರಿತ್. ಒಂದು ವಾರ ಹಾಗೇ ನಡೀತು. ಆಮೇಲೆ ಅವರಿಗೇ ತಡಕೊಳ್ಳೋಕಾಗಲಿಲ್ಲ, ಅಳು ಬಂತು. ಬಿಟ್ಟಿದ್ದನ್ನೆಲ್ಲ ಮತ್ತೆ ಸೇರಿಸಿದರು. ಹೊಸಬರು ಕಲಿತು ತಯಾರಾಗೋ ತನಕ ಆ ಇಬ್ಬರೇ ಕಷ್ಟಪಟ್ಟು ನಡೆಸಿದರು.

ಆ ಹುಡುಗ ಬೀಡ್ ಇರಬೇಕು ಅಂತ ಬಹಳ ಜನ ನಂಬ್ತಾರೆ. ಮುಂದೆ 731ರಲ್ಲಿ ಇಂಗ್ಲಿಷ್ ಜನರ ಧರ್ಮಚರಿತ್ರೆ ಬರೆದು ಮುಗಿಸಿದ ಅದೇ ಬೀಡ್. ಆ ಮಠದ ಚರ್ಚಿನ ಒಂದು ಭಾಗ ಇವತ್ತಿಗೂ ಇದೆ, 685ರ ಶಿಲಾಶಾಸನದ ಸಮೇತ.

ಮಕ್ಕಳ ಸಾಹಸ ಅಂದ್ರೆ ನಾವು ಸುರಂಗ, ನಿಧಿ, ಕಳ್ಳರು ಅಂತ ಬರೀತೀವಿ. ಇರಲಿ, ಅದೂ ಬೇಕು. ಆದರೆ ಸುತ್ತ ಎಲ್ಲರೂ ಸಾಯ್ತಿರುವಾಗ ನಿದ್ದೆಗಣ್ಣಲ್ಲಿ ಎದ್ದು ತನ್ನ ಪಾಲಿನ ಸಾಲು ಹಾಡಿದ ಹುಡುಗನಿದ್ದಾನಲ್ಲ, ಅವನ ಧೈರ್ಯ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತೆ. ಕನ್ನಡದಲ್ಲಿ ಬರೆಯೋರು ಯಾರಾದ್ರೂ ಅವನನ್ನ ನಮ್ಮ ಮಕ್ಕಳ ಕೈಗೆ ಕೊಡಿ.